ಟವೆಲ್ಲಿನ ಕೆಳಗಿನ ನೆಟ್‌ವರ್ಕು

ರುದ್ರಮುನಿ ಯಾವ ವಿದ್ಯೆ ಕಲಿತರೂ, ಅವನು ಕಲಿತು ಮುಗಿಸುವುದನ್ನೇ ಕಾದುಕೊಂಡಿದ್ದಂತೆ ಆ ವಿದ್ಯೆ ಸತ್ತುಹೋಗುತ್ತಿತ್ತು. ಟೈಪಿಂಗ್ ಕಲಿತ. ಪಾಸಾದ ವಾರವೇ ರಾಣೆಬೆನ್ನೂರಿನ ಟೈಪಿಂಗ್ ಕ್ಲಾಸಿನವರು ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿ ಅದೇ ಜಾಗದಲ್ಲಿ ಮಂಡಕ್ಕಿ ಗಿರಮಿಟ್ಟು ಮಾರಲು ಕೂತರು. ಎಸ್‌ಟಿಡಿ ಬೂತ್ ಹಾಕಿದ. ಬೂತಿಗೆ ಬಳಿದ ಹಳದಿ ಬಣ್ಣ ಒಣಗುವ ಮೊದಲೇ ಎಮ್ಮೆ ಕಾಯುವವರ ಕೈಗೂ ಮೊಬೈಲು ಬಂತು. ಪೇಜರ್ ರಿಪೇರಿ ಕಲಿಯುತ್ತೇನೆಂದು ಹುಬ್ಬಳ್ಳಿ ಬಸ್ಸು ಹತ್ತಿದವನು ಹಾವೇರಿ ದಾಟುವುದರೊಳಗೆ ದೇಶದಲ್ಲಿ ಪೇಜರೇ ಇಲ್ಲದಂತಾಯಿತು ಎಂದು ಜನ ಹೇಳುತ್ತಾರೆ. ಜನರಿಗೇನು, ಬಾಯಿಗೆ ಬಂದದ್ದು ಹೇಳುತ್ತಾರೆ. ಅವನು ಬಂಕಾಪುರವನ್ನೂ ದಾಟಿದ್ದ.

ಹೀಗಾಗಿ ಎರಡು ಸಾವಿರದ ಆರರಲ್ಲಿ ಅವನು ಬಸ್ ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ಆರು ತಿಂಗಳ ಕಂಪ್ಯೂಟರ್ ನೆಟ್‌ವರ್ಕಿಂಗ್ ಕೋರ್ಸಿಗೆ ಸೇರಿದ ಸುದ್ದಿ ಹಬ್ಬಿದಾಗ, ಊರಿನ ಮೂರು ಕಂಪ್ಯೂಟರ್ ಅಂಗಡಿಯವರೂ ಒಟ್ಟಾಗಿ ಅವನ ಮನೆಗೆ ಬಂದರು. ಬಾಳೆಹಣ್ಣಿನ ಗೊನೆಯೊಂದನ್ನು ಮುಂದಿಟ್ಟು, ವಕೀಲಿಕೆ ಓದಬಾರದೇ ಎಂದು ಕೈಮುಗಿದು ಕೇಳಿಕೊಂಡರು. ರುದ್ರಮುನಿ ಜಗ್ಗಲಿಲ್ಲ. ಬಾಳೆಹಣ್ಣನ್ನು ಮಾತ್ರ ಇಟ್ಟುಕೊಂಡ.

ಅವನ ಹೆಂಡತಿ ಸುರೇಖಾ ಹೊಲಿಗೆ ಯಂತ್ರದ ಮುಂದಿನಿಂದ ಏಳದೆ ಕೇಳಿದಳು.

"ನೆಟ್‌ವರ್ಕಿಂಗ್ ಅಂದ್ರ ಏನ್ರಿ ಅದು?"

"ಒಂದು ಕಂಪ್ಯೂಟರಿನಾಗಿನ ಸುದ್ದಿ ಇನ್ನೊಂದಕ್ಕ ಮುಟ್ಟಸೂದು."

"ಅದನ್ನ ಕಲ್ಯಾಕ ಆರು ತಿಂಗಳು ಬೇಕೇನು? ನಮ್ಮ ಓಣಿ ಜಯವ್ವ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ. ಮುಂಜಾನೆ ಒಲಿ ಹಚ್ಚೂದ್ರಾಗ ಅರ್ಧಾ ಊರಿಗೆ ಮುಟ್ಟಸಿರ್ತಾಳ."

"ಆಕಿಗೆ ಪಾಸ್‌ವರ್ಡ್ ಇಲ್ಲ."

"ಅದಕ್ಕ ಆಕೀದು ಚಲೋ ನಡದೈತಿ" ಎಂದು ಸುರೇಖಾ ಜಂಪರಿಗೆ ಹುಕ್ಕು ಹಚ್ಚಿದಳು.

ಆಕೆ ಏನೇ ಅನ್ನಲಿ, ಈ ವಿದ್ಯೆಯ ಮೇಲೆ ರುದ್ರಮುನಿಗೆ ಬಂದಷ್ಟು ಪ್ರೀತಿ ಮದುವೆಯಾದ ಹೊಸತರಲ್ಲಿ ಆಕೆಯ ಮೇಲೂ ಬಂದಿರಲಿಲ್ಲ. ನೀಲಿ ವೈರಿನ ಸಿಪ್ಪೆ ಸುಲಿದು, ಒಳಗಿನ ಎಂಟು ಎಳೆಗಳನ್ನು ಬಣ್ಣ ನೋಡಿ ಸಾಲಾಗಿ ಕೂರಿಸಿ, ತುದಿಗೆ ಗಾಜಿನಂಥ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿ, ಇಕ್ಕಳದಿಂದ ಒತ್ತಿ, ಪೆಟ್ಟಿಗೆಗೆ ಚುಚ್ಚಿದಾಗ ಹಸಿರು ದೀಪ ಮಿಣಮಿಣ ಅನ್ನುತ್ತದಲ್ಲ, ಆಗ ಅವನಿಗೆ ಅನ್ನನೀರು ಬೇಡವಾಗುತ್ತಿತ್ತು. ಬೇಡವೆಂದರೆ ಪೂರ್ತಿ ಬೇಡವೆಂದಲ್ಲ. ಆರು ರೊಟ್ಟಿಯ ಜಾಗದಲ್ಲಿ ನಾಲ್ಕು.

ಕೋರ್ಸೇನೋ ಮುಗಿಯಿತು, ಕೆಲಸ ಸಿಗಲಿಲ್ಲ. ರಾಣೆಬೆನ್ನೂರಿನಲ್ಲಿ ಒಂದು ಕಂಪ್ಯೂಟರ್ ಇದ್ದವರಿಗೆ ನೆಟ್‌ವರ್ಕ್ ಬೇಕಿರಲಿಲ್ಲ, ಎರಡು ಇದ್ದವರು ಒಂದನ್ನು ಮಾರಲು ಗಿರಾಕಿ ಹುಡುಕುತ್ತಿದ್ದರು. ಹೀಗೆ ಮೂರು ತಿಂಗಳು ಕಳೆದ ಮೇಲೆ ಬ್ಯಾಡಗಿಯಿಂದ ಮಾವ ಶಂಕ್ರಪ್ಪ ಬಂದರು. ಅವರು ಮೆಣಸಿನಕಾಯಿ ವ್ಯಾಪಾರಿ. ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಸಾಕು, ಒಳಗಿನ ಕೋಣೆಯಲ್ಲಿ ರುದ್ರಮುನಿ ಸೀನುತ್ತಿದ್ದ. ಅವನಿಗೂ ಮೆಣಸಿನಕಾಯಿಗೂ ಹುಟ್ಟಾ ಆಗುತ್ತಿರಲಿಲ್ಲ. ಮದುವೆಯಲ್ಲಿ ಮಾವ ಅಪ್ಪಿಕೊಂಡಾಗ ಸೀನಿದ ಸೀನಿಗೆ ಬಾಸಿಂಗ ಹಾರಿ ಬೀಗರ ಪಾಯಸದಲ್ಲಿ ಬಿದ್ದಿತ್ತು.

ಶಂಕ್ರಪ್ಪ ಚಹಾ ಕುಡಿದು ವಿಷಯಕ್ಕೆ ಬಂದರು. "ಅಳಿಯಂದ್ರ, ನಮ್ಮ ಓಣಿ ಐದು ಮಂದಿ ವ್ಯಾಪಾರಸ್ಥರು ಕೂಡಿ ಕೂಟ ಮಾಡೇವಲ್ಲ, ಕೂಟದಿಂದ ಐದು ಕಂಪ್ಯೂಟರ್ ತಂದೇವಿ. ಅಂಗಡಿಗೊಂದು. ರೈತರ ಮಾಲಿಗೆ ನಾವು ನಮ್ಮ ನಮ್ಮ ಅಂಗಡ್ಯಾಗ ಕುಂತು ರೇಟು ಒತ್ತೂದು, ಕೂಟದ ಆಫೀಸಿನ ದೊಡ್ಡ ಟಿವಿಯೊಳಗ ಯಾರದು ಹೆಚ್ಚಿಂದೋ ಅದು ಬೀಳೂದು. ಆ ಕಂಪ್ಯೂಟರಿಗೆಲ್ಲಾ ವೈರು ಜಗ್ಗಬೇಕು. ಸೋಮವಾರ ನಾಕು ಗಂಟೆಕ್ಕ ಹಾವೇರಿಯಿಂದ ಸಾಹೇಬ್ರು ನೋಡಾಕ ಬರ್ತಾರ. ಅವರು ಸರಿ ಐತಿ ಅಂತ ಬರದ್ರ ಕೂಟಕ್ಕ ಅನುದಾನ, ನಿಮಗ ಕಾಯಂ ನೌಕರಿ."

ರುದ್ರಮುನಿಯ ಕಣ್ಣಲ್ಲಿ ಹಸಿರು ದೀಪ ಮಿಣಮಿಣ ಅಂದಿತು.

"ಬರೀಲಿಲ್ಲಂದ್ರ?"

"ಬರೀಲಿಲ್ಲಂದ್ರ ನೀವೇನೂ ಚಿಂತಿ ಮಾಡಬ್ಯಾಡ್ರಿ. ನಮ್ಮನಿ ಮ್ಯಾಲಿನ ಖೋಲಿಗೆ ಸುಣ್ಣ ಹೊಡಸೇನಿ. ನೀವು ಸುರೇಖಾ ಬಂದು ಅಲ್ಲೇ ಇದ್ದು ಬಿಡ್ರಿ. ಕೆಳಗ ಅಂಗಡಿಯೊಳಗ ಮೆಣಸಿನಕಾಯಿ ತೂಗ್ಕೋತ ಇರ್ರಿ. ಸಾಯೂತನಕ."

ಮನೆ ಅಳಿಯ. ಅದೂ ಮೆಣಸಿನಕಾಯಿಯ ರಾಶಿಯ ಮೇಲೆ. ರುದ್ರಮುನಿ ಉತ್ತರ ಕೊಡಲು ಬಾಯಿ ತೆರೆದ. ಏಳು ಸೀನು ಬಂದವು.

*

ಶುಕ್ರವಾರ ಗಂಡಹೆಂಡತಿ ಇಬ್ಬರೂ ಬ್ಯಾಡಗಿಗೆ ಹೋದರು. ಆ ಊರಿನಲ್ಲಿ ಸುಗ್ಗಿಯ ಕಾಲಕ್ಕೆ ನೆಲ ಕೆಂಪು, ಗಾಳಿ ಕೆಂಪು, ನಾಯಿಯ ಮೂಗೂ ಕೆಂಪು. ಹೊಸಬರು ಅತ್ತರೆ ಯಾರೂ ಯಾಕೆಂದು ಕೇಳುವುದಿಲ್ಲ. ರುದ್ರಮುನಿ ಮೂಗಿಗೆ ಸುರೇಖಾಳ ಒದ್ದೆ ಸೆರಗಿನ ತುಂಡು ಕಟ್ಟಿಕೊಂಡು, ಏಣಿ ಹತ್ತಿ, ಶುಕ್ರವಾರ ಶನಿವಾರ ಎರಡೂ ದಿನ ಅಂಗಡಿಯಿಂದ ಅಂಗಡಿಗೆ ನೀಲಿ ವೈರು ಎಳೆದ. ನೋಡಲು ಓಣಿಗೆ ಓಣಿಯೇ ನೆರೆಯಿತು. ಅಷ್ಟು ಮಂದಿ ಅವನ ಮದುವೆಗೂ ಬಂದಿರಲಿಲ್ಲ.

ಶನಿವಾರ ಸಂಜೆ ಯೂಸುಫಸಾಬರು ಮುಂದೆ ಬಂದರು. ಮಾವನ ಪಕ್ಕದ ಅಂಗಡಿಯವರು, ಮೂವತ್ತು ವರ್ಷದ ವ್ಯಾಪಾರ. ಮಾವನಿಗೆ ಜೀವದ ಗೆಳೆಯ, ಆದರೆ ಮೆಣಸಿನಕಾಯಿಯ ರೇಟಿನ ವಿಷಯದಲ್ಲಿ ಇಬ್ಬರೂ ಒಬ್ಬರ ನೆರಳನ್ನೊಬ್ಬರು ನಂಬುತ್ತಿರಲಿಲ್ಲ.

"ಅಳಿಯಂದ್ರ, ನನಗೊಂದು ಬಿಡಿಸಿ ಹೇಳ್ರಿ. ಈ ಹಗ್ಗ ನನ್ನ ಅಂಗಡಿಯಿಂದ ನಿಮ್ಮ ಮಾವನ ಅಂಗಡಿಗೆ ಹೋಗೈತಿ. ನನ್ನ ಡಬ್ಬಿಯೊಳಗಿನ ರೇಟು ಅವರ ಡಬ್ಬಿಗೆ ಹರದು ಹೋಗಂಗಿಲ್ಲಲ್ಲ?"

ಹೋಗಂಗಿಲ್ಲ ಎಂಬ ಒಂದು ಮಾತು ಸಾಕಿತ್ತು. ಖರೆಯೂ ಅದೇ ಇತ್ತು. ಆದರೆ ಮೂವತ್ತನಾಲ್ಕು ವರ್ಷದ ಬಾಳಿನಲ್ಲಿ ಮೊದಲ ಸಲ ನಲವತ್ತು ಮಂದಿ ರುದ್ರಮುನಿಯ ಬಾಯಿಯನ್ನೇ ನೋಡುತ್ತ ನಿಂತಿದ್ದರು, ಅವನು ಏಣಿಯ ಮೇಲೆ ಬೇರೆ ಇದ್ದ. ಮೂಗಿನ ಬಟ್ಟೆ ಇಳಿಸಿ, ಕೆಳಗೆ ನೋಡಿ ನಕ್ಕ.

"ಯೂಸುಫಸಾಬರ, ನೆಟ್‌ವರ್ಕ್ ಅಂದ್ರ ಏನಂತ ತಿಳದೀರಿ? ಅದರಾಗ ಮುಚ್ಚಿಡೂದು ಅನ್ನೂದ ಇಲ್ಲ. ನಾನು ಹಾವೇರ್ಯಾಗ ಕುಂತು ನಿಮ್ಮ ಕಂಪ್ಯೂಟರಿನ ಹೊಟ್ಟ್ಯಾಗ ಏನೈತಿ ಅಂತ ನೋಡಿ ಹೇಳಬಲ್ಲೆ."

ಯೂಸುಫಸಾಬರು ಒಂದು ಹೆಜ್ಜೆ ಹಿಂದೆ ಸರಿದು ಅಂಗಿಯ ಗುಂಡಿ ಹಾಕಿಕೊಂಡರು, ಹೊಟ್ಟೆ ಕಾಣಬಾರದೆಂದು.

ಅವನ ಮಾತು ಏಣಿಯಿಂದ ಇಳಿಯುವಾಗ ಒಂದಿತ್ತು, ಓಣಿಯ ಕೊನೆ ಮುಟ್ಟುವಾಗ ಒಂಬತ್ತಾಗಿತ್ತು. ಆ ಪೆಟ್ಟಿಗೆಯ ಮುಂದೆ ನಿಂತವರ ಮನಸ್ಸಿನಲ್ಲಿರುವುದು ಹಾವೇರಿಯಲ್ಲಿ ಕಾಣುತ್ತದಂತೆ. ಮಧ್ಯಾಹ್ನ ಏನು ಉಂಡಿದ್ದಾರೆಂಬುದೂ ಕಾಣುತ್ತದಂತೆ. ಅತ್ತೆ ಮುತ್ತವ್ವ ಅಂಗಡಿಯಲ್ಲಿ ಗಂಡನಿಗೆ ಚಹಾ ಕೊಡಲು ಬಂದವಳು ಕಂಪ್ಯೂಟರ್ ಕಂಡು ತಲೆಯ ಮೇಲೆ ಸೆರಗು ಎಳೆದುಕೊಂಡು, ಬೀಗರ ಮುಂದೆ ಹಾದಂತೆ ಗೋಡೆ ಹಿಡಿದು ಹಾದಳು. ಯೂಸುಫಸಾಬರ ಹೆಂಡತಿ ಕುಲ್ಸುಮಬಿ, ಅಂಗಡಿಗೆ ಕಟ್ಟಿ ಕಳಿಸುವ ಬುತ್ತಿಯನ್ನು ಇನ್ನು ಮುಂದೆ ಪೆಟ್ಟಿಗೆಗೆ ಬೆನ್ನು ಮಾಡಿ ಉಣ್ಣಬೇಕೆಂದು ಗಂಡನಿಗೆ ಹೇಳಿ ಕಳಿಸಿದಳು. ಅದೇ ಓಣಿಯ ಮುದುಕಿ ಮೈಮುನಾಬಿ ಕೋಲೂರಿಕೊಂಡು ರುದ್ರಮುನಿಯ ಹತ್ತಿರವೇ ಬಂದಳು.

"ಸಾಹೇಬ್ರ, ನನ್ನ ಮೊಮ್ಮಗಳು ಬೇನಜೀರಗ ಹಾವೇರಿ ಹುಡುಗನ್ನ ನೋಡೇವಿ. ಬೀಡಿ ಸೇದ್ತಾನೋ ಏನೋ, ಒಂಚೂರು ಇದರಾಗ ನೋಡಿ ಹೇಳ್ರಿ."

ಆಗುವುದಿಲ್ಲ ಎಂದು ಹೇಳಲು ಇದು ಎರಡನೆಯ ಅವಕಾಶ. ರುದ್ರಮುನಿ ಗಂಭೀರವಾಗಿ ಹೇಳಿದ. "ಇವತ್ತು ಸರ್ವರ್ ಇಲ್ಲ ಅಜ್ಜಿ. ಸೋಮವಾರ ನೋಡ್ತೀನಿ."

ಸುರೇಖಾ ಅವನನ್ನು ಮನೆಯೊಳಗೆ ಕರೆದಳು. "ಹೊರಗ ಹೋಗಿ ಖರೇ ಏನೈತಿ ಅದನ್ನ ಹೇಳಿ ಬರ್ರಿ."

"ಹೇಳಿದ್ರ ಮರ್ಯಾದಿ ಹೊಕ್ಕೈತಿ. ನಿನ್ನೆತನಾ ನನ್ನ ಶಂಕ್ರಪ್ಪನ ಅಳಿಯ ಅಂತಿದ್ರು. ಇವತ್ತು ಸಾಹೇಬ್ರ ಅಂದ್ರು."

"ಯಾರಂದ್ರು?"

"ಮೈಮುನಾಬಿ."

"ಆಕಿ ನಮ್ಮ ಹೋತಿಗೂ ಸಾಹೇಬ್ರ ಅಂತಾಳ. ಕಣ್ಣು ಕಾಣಂಗಿಲ್ಲ ಆಕಿಗೆ."

*

ರವಿವಾರ ಮುಂಜಾನೆ ಇನ್ನೊಂದು ಎಡವಟ್ಟಾಯಿತು. ಪೆಟ್ಟಿಗೆಗೆ ಜೋಡಿಸುವ ಇಪ್ಪತ್ತು ಗಿಡ್ಡ ವೈರುಗಳನ್ನು, ಎರಡೂ ತುದಿಗೆ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿ, ರುದ್ರಮುನಿ ರಾತ್ರಿಯೇ ಬುಟ್ಟಿಯೊಂದರಲ್ಲಿ ತುಂಬಿಟ್ಟಿದ್ದ. ಇಟ್ಟದ್ದು ಮಾವನ ಅಂಗಳದಲ್ಲಿ. ಅಲ್ಲಿ ದಿನಾ ಹೊತ್ತು ಹುಟ್ಟುವ ಮೊದಲು ಹೆಂಗಸರು ಸಾಲಾಗಿ ಕೂತು ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಮುರಿಯುತ್ತಾರೆ. ಅವರ ಮುಖಂಡಳು ಹೊಳಿಯವ್ವ. ಇಪ್ಪತ್ತೈದು ವರ್ಷದಿಂದ ಅದೇ ಕೆಲಸ. ಆಕೆಯ ಬೆರಳು ಎಷ್ಟು ಚುರುಕೆಂದರೆ, ಯಾರಾದರೂ ಕೈಕುಲುಕಿದರೆ ಅವರ ಹೆಬ್ಬೆರಳು ಉಳಿದಿದೆಯೋ ಎಂದು ಎಣಿಸಿ ನೋಡಿಕೊಳ್ಳಬೇಕು.

ರುದ್ರಮುನಿ ಎದ್ದು ಬರುವಷ್ಟರಲ್ಲಿ ಬುಟ್ಟಿಯಲ್ಲಿ ಬರಿಯ ನೀಲಿ ವೈರು ಇತ್ತು. ಪಕ್ಕದಲ್ಲಿ ನಲವತ್ತು ಟೊಪ್ಪಿಗೆಗಳ ಸಣ್ಣ ಗುಡ್ಡೆ.

"ಹೊಳಿಯವ್ವಾ, ಇದೇನ ಮಾಡೀಬೇ?"

"ತುಂಬು ಬಿಡಿಸೇನಿ" ಅಂದಳು ಹೊಳಿಯವ್ವ, ಕೈ ನಿಲ್ಲಿಸದೆ. "ಯಾ ಊರ ಬೀಜಾನೋ ಏನೋ, ನೀಲಿ ಕಾಯಿ ನಾ ಕಂಡಿದ್ದಿಲ್ಲ. ಎರಡೂ ಕಡೆ ತುಂಬು. ಬಾಳ ಗಟ್ಟಿ ಇದ್ವು ನೋಡಪ್ಪ, ಹಲ್ಲು ಹಚ್ಚಬೇಕಾತು."

ಅವನು ದಿನವಿಡೀ ಕೂತು ಮತ್ತೆ ನಲವತ್ತು ಟೊಪ್ಪಿಗೆ ಒತ್ತಿದ. ಹೊಳಿಯವ್ವ ದೂರದಿಂದ ನೋಡಿ, ಬಿಡಿಸಿದ ತುಂಬನ್ನು ವಾಪಸು ಅಂಟಿಸುವ ಗಂಡಸನ್ನು ಇದೇ ಮೊದಲು ಕಾಣುತ್ತಿದ್ದೇನೆಂದು ಮುತ್ತವ್ವನಿಗೆ ಹೇಳಿದಳು. ಮುತ್ತವ್ವ ನಿಟ್ಟುಸಿರು ಬಿಟ್ಟು ಮೇಲಿನ ಖೋಲಿಗೆ ಹೋಗಿ ಹಾಸಿಗೆ ಕೊಡವಿದಳು.

ಸಂಜೆ ಐದೂ ಕಡೆ ಹಸಿರು ದೀಪ ಹತ್ತಿತು. ರುದ್ರಮುನಿ ಐವರು ವ್ಯಾಪಾರಿಗಳನ್ನು ಕೂರಿಸಿ, ಎಲ್ಲಿ ನಂಬರು ಒತ್ತಬೇಕು, ಎಲ್ಲಿ ಕಳಿಸಬೇಕು ಎಂದು ಕಲಿಸಿದ. ಐವರೂ ತಲೆಯಾಡಿಸಿದರು. ಆದರೆ ಅವರ ಗಮನ ಕೀಬೋರ್ಡಿನ ಮೇಲಿರಲಿಲ್ಲ, ಒಬ್ಬರ ಬೆರಳು ಇನ್ನೊಬ್ಬರಿಗೆ ಕಾಣುತ್ತದೋ ಎಂಬುದರ ಮೇಲಿತ್ತು.

ಇದಕ್ಕೆ ಕಾರಣವಿದೆ. ಆ ಕೂಟದವರು ಅಜ್ಜನ ಕಾಲದಿಂದ ರೇಟನ್ನು ಬಾಯಿಂದ ಹೇಳಿದವರಲ್ಲ. ಮಾರುವವನ ಕೈ, ಕೊಳ್ಳುವವನ ಕೈ, ಮೇಲೊಂದು ಟವೆಲ್ಲು. ಒಳಗೆ ಬೆರಳು ಹಿಡಿಯುವುದು. ಮೊದಲ ಹಿಡಿತ ಸಾವಿರ, ಎರಡನೆಯದು ನೂರು. ಐದೂ ಬೆರಳು ಹಿಡಿದು ಆಮೇಲೆ ಎರಡು ಹಿಡಿದರೆ ಐದು ಸಾವಿರದ ಇನ್ನೂರು. ಕೊನೆಗೊಮ್ಮೆ ಗಟ್ಟಿಯಾಗಿ ಅದುಮಿದರೆ, ಇದರ ಮೇಲೆ ಕೇಳಬೇಡ ಎಂದರ್ಥ. ಟವೆಲ್ಲಿನ ಮೇಲೆ ಇಬ್ಬರೂ ಮಳೆ ಬೆಳೆ ಮಾತಾಡುತ್ತಿರುತ್ತಾರೆ. ಪಕ್ಕದಲ್ಲಿ ನಿಂತವನಿಗೆ ಸುಳಿವು ಹತ್ತುವುದಿಲ್ಲ. ಇಂಥ ಜನರ ಮುಂದೆ ರುದ್ರಮುನಿ ಏಣಿಯ ಮೇಲೆ ನಿಂತು, ಇದರಲ್ಲಿ ಮುಚ್ಚಿಡುವುದೇ ಇಲ್ಲ ಎಂದಿದ್ದ.

*

ಸೋಮವಾರ ಒಂದು ಗಂಟೆಗೆ ಮಾಲಿನ ರಾಶಿಗಳು ಸಾಲಾಗಿ ನಿಂತವು. ಕೂಟದ ಅಧ್ಯಕ್ಷ ಶಶಿಕಾಂತರು ಇಸ್ತ್ರಿ ಅಂಗಿ ಹಾಕಿ ಟಿವಿಗೆ ಹೂವಿನ ಮಾಲೆ ಹಾಕಿದರು. ರುದ್ರಮುನಿ ಆಫೀಸಿನಲ್ಲಿ ಟಿವಿಯ ಪಕ್ಕ ಕೂತ. ಮೊದಲನೆಯ ರಾಶಿ ಐರಣಿಯ ರೈತ ಅಜ್ಜಪ್ಪನದು, ಮೂರು ಚೀಲ.

"ರೇಟು ಕಳಸ್ರಿ" ಎಂದು ಶಶಿಕಾಂತರು ಮೈಕಿನಲ್ಲಿ ಹೇಳಿದರು.

ಐದು ಅಂಗಡಿಗಳಲ್ಲಿ ಐವರು ವ್ಯಾಪಾರಿಗಳು ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಒಂದೇ ಕೆಲಸ ಮಾಡಿದರು. ಹೆಗಲ ಮೇಲಿನ ಟವೆಲ್ ತೆಗೆದು ಕಂಪ್ಯೂಟರಿಗೂ ಕೀಬೋರ್ಡಿಗೂ ಸೇರಿಸಿ ಹೊದಿಸಿದರು, ಹಾವೇರಿಗೆ ಕಾಣಬಾರದೆಂದು. ಆಮೇಲೆ ಟವೆಲ್ಲಿನೊಳಗೆ ಕೈ ಹಾಕಿದರು. ಕೈ ಒಳಗೆ ಹೋದದ್ದೇ ತಡ, ರವಿವಾರ ಕಲಿತದ್ದು ಮರೆತುಹೋಯಿತು, ಮೂವತ್ತು ವರ್ಷದ ರೂಢಿ ಎದ್ದು ಕೂತಿತು. ಯೂಸುಫಸಾಬರು ಕೀಬೋರ್ಡಿನ ನಂಬರುಗಳನ್ನು ಅಜ್ಜಪ್ಪನ ಕೈಯೆಂದೇ ಹಿಡಿದರು. ಐದು ಬೆರಳು. ಆಮೇಲೆ ನಾಲ್ಕು. ಕೊನೆಗೊಮ್ಮೆ ಗಟ್ಟಿಯಾಗಿ ಅದುಮಿದರು, ಅಂಗೈ ಕಳಿಸುವ ಗುಂಡಿಯ ಮೇಲೂ ಬಿತ್ತು. ಅದುಮುತ್ತ ಗೋಡೆ ನೋಡಿ, ಈ ವರ್ಷ ಚಳಿ ಕಡಿಮೆ ಎಂದರು.

ಟಿವಿಯಲ್ಲಿ ರೇಟು ಬಿದ್ದಿತು. ಕ್ವಿಂಟಲಿಗೆ ನಲವತ್ತೈದು ಲಕ್ಷದ ಅರವತ್ತನಾಲ್ಕು ಸಾವಿರದ ಐನೂರ ಅರವತ್ತೈದು.

ನೆರೆದ ಮಂದಿ ಟಿವಿಯ ಅಂಕಿಗಳನ್ನು ಬೆರಳು ಮಡಚಿ ಎಣಿಸಿದರು. ದನವೊಂದು ಬಾಲ ಆಡಿಸುವುದನ್ನು ನಿಲ್ಲಿಸಿತು. ಅಜ್ಜಪ್ಪ ಮಾತ್ರ ಬೀಡಿ ಆರಿಸಿ, ಉಳಿದರ್ಧವನ್ನು ಕಿವಿಗೆ ಸಿಕ್ಕಿಸಿಕೊಂಡು, ನಿಧಾನಕ್ಕೆ ಎದ್ದ.

"ಬರ್ತೈತಿ ಅಂತ ನನಗ ಗೊತ್ತಿತ್ತು" ಅಂದ. "ಈ ಸಲ ಗೊಬ್ಬರ ಚಲೋ ಹಾಕಿದ್ದೆ."

ಎರಡನೆಯ ರಾಶಿಗೆ ಮೂವತ್ತೆಂಟು ಲಕ್ಷ ಬಂತು. ಮೂರನೆಯದಕ್ಕೆ ತೊಂಬತ್ತು, ಅದು ಶಂಕ್ರಪ್ಪನವರು ಒತ್ತಿದ್ದು, ಅವರ ಮುಷ್ಟಿ ದೊಡ್ಡದು. ರೈತರು ಮೊಬೈಲು ತೆಗೆದರು. ಸುದ್ದಿ ಅಗಡಿ ಮುಟ್ಟಿತು, ಹಾವೇರಿ ಮುಟ್ಟಿತು, ರಾಣೆಬೆನ್ನೂರಿನಲ್ಲಿ ಜಯವ್ವನಿಗೇ ಯಾರೋ ಹೇಳಬೇಕಾಯಿತೆಂದರೆ ಎಷ್ಟು ಜೋರಾಗಿ ಓಡಿರಬೇಕು ನೋಡಿ. ಅರ್ಧ ತಾಸಿನಲ್ಲಿ ಆಟೋದಲ್ಲಿ, ಸೈಕಲ್ಲಿನಲ್ಲಿ, ತಲೆಯ ಮೇಲೆ ಮೆಣಸಿನಕಾಯಿ ಬರತೊಡಗಿತು. ಒಬ್ಬ ಮನೆಯ ಬಾಗಿಲಿಗೆ ದೃಷ್ಟಿಗೆಂದು ನಿಂಬೆಯ ಜೊತೆ ಕಟ್ಟಿದ್ದ ಏಳು ಕಾಯಿ ಬಿಚ್ಚಿಕೊಂಡು ಬಂದ. ಖಾನಾವಳಿಯವನು ಸಾರಿನಿಂದ ಕಾಯಿ ಸೋಸಿ ತೆಗೆದು ಒಣಗಿಸಲು ಹಾಕಿದ. ಮುತ್ತವ್ವ, ಬೆಳಿಗ್ಗೆಯಷ್ಟೇ ಹಣ್ಣುಮೆಣಸಿನಕಾಯಿ ಕುಟ್ಟಿ ಮಾಡಿದ ರಂಜಕದ ಭರಣಿ ಸೊಂಟದ ಮೇಲಿಟ್ಟುಕೊಂಡು ಬಂದು ಸರದಿಯಲ್ಲಿ ನಿಂತಳು.

"ಬೇ, ನೀ ಯಾಕ ಬಂದಿ?" ಎಂದಳು ಸುರೇಖಾ.

"ನಿಮ್ಮಪ್ಪ ಕೊಳ್ಳಾಕತ್ತಾನ, ನಾ ಮಾರ್ತೀನಿ. ಮನ್ಯಾಗಿಂದು ಮನ್ಯಾಗ ಉಳೀತೈತಿ."

ಅಜ್ಜಪ್ಪ ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತು ಮುಂದಿನ ಬಾಳು ವಿಚಾರಿಸುತ್ತಿದ್ದ. ರಾಣೆಬೆನ್ನೂರು ಸ್ಟೇಷನ್ ತಗೊಂಡರೆ ರೈಲು ಬರುವ ಸಪ್ಪಳಕ್ಕೆ ನಿದ್ದೆ ಹತ್ತುವುದಿಲ್ಲ ಎಂದು ಅದನ್ನು ಬಿಟ್ಟ. "ನಮ್ಮೂರ ಹೊಳಿ ಮಾರಾಕ ಐತೇನು ಕೇಳ್ರಿ" ಎಂದು ಪಕ್ಕದವನಿಗೆ ಹೇಳಿದ. "ಪೂರಾ ಬ್ಯಾಡ. ನಮ್ಮ ಕಡೆ ದಂಡಿ ಅಷ್ಟ ಸಾಕು."

ಆಫೀಸಿನಲ್ಲಿ ಐವರು ವ್ಯಾಪಾರಿಗಳೂ ರುದ್ರಮುನಿಯನ್ನು ಸುತ್ತುವರಿದರು.

"ಅಳಿಯಂದ್ರ, ನನ್ನ ಬೆರಳು ಐದು ಸಾವಿರದ ನಾಕುನೂರು ಅಂತ ಹೇಳ್ಯಾವ" ಎಂದರು ಯೂಸುಫಸಾಬರು. "ಬೇಕಂದ್ರ ನನ್ನ ಟವೆಲ್ಲನ್ನ ಕೇಳ್ರಿ."

"ಟವೆಲ್ ಯಾಕ ಹೊದಸಿದ್ರಿ?"

"ಮತ್ತ ನೀವಽ ಹೇಳಿದ್ರಿ, ಹಾವೇರ್ಯಾಗ ಕಾಣತೈತಿ ಅಂತ."

ರುದ್ರಮುನಿ ಸುತ್ತ ನೋಡಿದ. ಎಲ್ಲ ಎದುರಿಗೆ ನಿಂತಿದ್ದರು, ಏಣಿಯೂ ಇರಲಿಲ್ಲ. "ಅದು ಸುಳ್ಳು" ಅಂದ. "ಏನೂ ಕಾಣಂಗಿಲ್ಲ. ಒಬ್ಬರದು ಒಬ್ಬರಿಗೆ ಹೋಗಂಗಿಲ್ಲ. ನಾ ಸುಮ್ನ ದೊಡ್ಡಸ್ತಿಕಿಗೆ ಹೇಳಿದ್ದೆ. ಟವೆಲ್ ತಗದು ಒತ್ರಿ, ಸರಿ ಆಕ್ಕೈತಿ."

ಐವರೂ ಒಬ್ಬರ ಮುಖ ಒಬ್ಬರು ನೋಡಿದರು. ಕಾಣುತ್ತದೆ ಎಂದಾಗ ತಕ್ಷಣ ನಂಬಿದ್ದ ಜನ, ಕಾಣುವುದಿಲ್ಲ ಎಂದಾಗ ಒಬ್ಬರೂ ನಂಬಲಿಲ್ಲ. ಶಂಕ್ರಪ್ಪ ನಿಧಾನಕ್ಕೆ ಹೇಳಿದರು. "ತಕ್ಕಡಿ ಒರಸಿ ಇಟ್ಟೇನಿ ಅಳಿಯಂದ್ರ. ನಾಳಿಂದ ಬರ್ರಿ."

ಶಶಿಕಾಂತರು ಗಡಿಯಾರ ನೋಡಿದರು. ಎರಡೂವರೆ. ಸಾಹೇಬರು ಬರಲು ಒಂದೂವರೆ ತಾಸು. ಹೊರಗೆ ಅಜ್ಜಪ್ಪ ಬಾಗಿಲಿಗೆ ಬಂದು, ತನ್ನ ಮೂರು ಚೀಲದ ಹಣ ಒಯ್ಯಲು ಲಾರಿ ಕೂಟದವರದೋ ತಾನೇ ತರಬೇಕೋ ಎಂದು ವಿಚಾರಿಸಿದ.

ಆಗ ಬಾಗಿಲ ಬಳಿ ತುಂಬು ಮುರಿಯುತ್ತ ಕೂತಿದ್ದ ಹೊಳಿಯವ್ವ ತಲೆ ಎತ್ತಿದಳು. "ಅಜ್ಜಪ್ಪಣ್ಣ, ಯಾರರೆ ನಿನ್ನ ಕೈ ಹಿಡದರೇನು?"

"ಯಾವ ಕೈ?"

"ಟವೆಲ್ಲಿನಾಗಿನ ಕೈ. ಈ ಕಟ್ಟಿ ಮ್ಯಾಲೆ ನಿಮ್ಮಜ್ಜನ ಕಾಲದಿಂದ ಕೈ ಹಿಡೀದ ರೇಟು ಮುಗದೈತೇನು?"

ಅಜ್ಜಪ್ಪ ತನ್ನ ಎರಡೂ ಕೈ ತಿರುವಿ ನೋಡಿಕೊಂಡ. ಹಿಡಿದ ಗುರುತು ಇರಲಿಲ್ಲ. ನ್ಯಾಯವಂತ ಮನುಷ್ಯ. "ಇಲ್ಲ ಬಿಡು" ಎಂದ. "ಹೊಳಿ ಉಳೀತು. ಹಂಗಾರ ಲಗೂ ಬಂದು ಹಿಡೀರಿ, ನಂದು ನಾಕರ ಬಸ್ಸೈತಿ."

ಅಜ್ಜಪ್ಪ ಬಿಟ್ಟ ಮೇಲೆ ಉಳಿದಿಬ್ಬರೂ ಬಿಟ್ಟರು, ಹಳೆಯ ರೇಟೇನೋ ಹೋಯಿತು. ಆದರೆ ಕೈ ಹಿಡಿದರೆ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರಿಗೆ ಗೊತ್ತಾಗದಿದ್ದರೆ ಅನುದಾನವಿಲ್ಲ, ಅನುದಾನವಿಲ್ಲದಿದ್ದರೆ ತಕ್ಕಡಿ ಕಾಯುತ್ತಿದೆ. ರುದ್ರಮುನಿ ಒಂದು ಸಲ ಹಸಿರು ದೀಪ ನೋಡಿದ, ಒಂದು ಸಲ ಮೆಣಸಿನಕಾಯಿಯ ರಾಶಿ ನೋಡಿದ. ಆಮೇಲೆ ಅಜ್ಜಪ್ಪನ ಹೆಗಲಿನ ಟವೆಲ್ ಎಳೆದುಕೊಂಡು ಅದರೊಳಗೆ ತನ್ನ ಬಲಗೈ ಹಾಕಿ ಯೂಸುಫಸಾಬರ ಕಡೆ ಚಾಚಿದ.

"ನನ್ನ ಕೈಯಾಗ ಹೇಳ್ರಿ. ನಾ ಹೋಗಿ ಒತ್ತತೀನಿ."

ಯೂಸುಫಸಾಬರು ಹಿಂದೆಮುಂದೆ ನೋಡಿದರು. "ನೀವು ಶಂಕ್ರಪ್ಪನ ಅಳಿಯ. ಅವರಿಗೆ ಹೇಳಿದ್ರ?"

"ಹೇಳಂಗಿಲ್ಲ" ಎಂದು ಶಂಕ್ರಪ್ಪನವರೇ ನಡುವೆ ಬಾಯಿ ಹಾಕಿದರು. "ಅವಗ ನನ್ನ ಮ್ಯಾಲೆ ಅಷ್ಟು ಪ್ರೀತಿ ಇಲ್ಲ."

ಇದು ಎಲ್ಲರಿಗೂ ಗೊತ್ತಿದ್ದ ಸಂಗತಿಯಾದ್ದರಿಂದ ತಕ್ಷಣ ನಂಬಿಕೆ ಬಂತು. ಯೂಸುಫಸಾಬರು ಕೈ ಹಾಕಿದರು. ಐದು ಬೆರಳು, ನಾಲ್ಕು ಬೆರಳು, ಗಟ್ಟಿಯಾಗಿ ಒಂದು ಅದುಮು. ರುದ್ರಮುನಿ ಆಫೀಸಿಗೆ ಹೋಗಿ ಒತ್ತಿದ. ಟವೆಲ್ ಹೆಗಲಿಗೆ ಹಾಕಿಕೊಂಡು ಎರಡನೆಯ ಅಂಗಡಿಗೆ ಓಡಿದ. ಅಲ್ಲಿಂದ ಆಫೀಸು. ಮೂರನೆಯ ಅಂಗಡಿ, ಆಫೀಸು. ಮಾವನ ಕೈ ಹಿಡಿದಾಗ ಮಾವ ಮಳೆಯ ವಿಷಯ ತೆಗೆದರು, ಅವನೂ ಹ್ಞೂಂಗುಟ್ಟಿದ. ಟಿವಿಯಲ್ಲಿ ಅಜ್ಜಪ್ಪನ ರಾಶಿಗೆ ಐದು ಸಾವಿರದ ನಾಲ್ಕುನೂರು ಬಿದ್ದಿತು. ಅಜ್ಜಪ್ಪ ಯೂಸುಫಸಾಬರ ಕೈ ಹಿಡಿದು ಮುಗಿಸಿ, ಗೊಬ್ಬರದ ಖರ್ಚು ಬಂತು ಎನ್ನುತ್ತ ಕಿವಿಯ ಬೀಡಿ ತೆಗೆದ.

ಮೂರು ಮುಕ್ಕಾಲರ ಹೊತ್ತಿಗೆ ನಾಲ್ಕು ರಾಶಿ ಮುಗಿದಿದ್ದವು. ರುದ್ರಮುನಿ ಒಟ್ಟು ಓಡಿದ ದಾರಿಯನ್ನು ನೆಟ್ಟಗೆ ಮಾಡಿದರೆ ಹಾವೇರಿ ಮುಟ್ಟಿ ಚಹಾ ಕುಡಿದು ವಾಪಸು ಬರಬಹುದಿತ್ತು. ಐವರು ವ್ಯಾಪಾರಿಗಳ ಮುಖದಲ್ಲೂ ಮೂರು ದಿನದಲ್ಲಿ ಕಾಣದ ನೆಮ್ಮದಿ. ಅವರು ತಮ್ಮ ಕಂಪ್ಯೂಟರುಗಳಿಗೆ ಟವೆಲ್ಲು ಹೊದಿಸಿಯೇ ಇಟ್ಟಿದ್ದರು. ನಾಲ್ಕಕ್ಕೆ ಜೀಪು ಬಂತು.

ಸಾಹೇಬರು ಇಳಿದವರೇ ಮೂಗಿಗೆ ಕರ್ಚೀಫು ಹಿಡಿದರು. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಬೇಗ ಮುಗಿಸಿ ಹೊರಡುವ ಅವಸರ. ಟಿವಿಯ ರೇಟು ನೋಡಿದರು, ರೈತರನ್ನು ಕೇಳಿದರು, ಎಲ್ಲ ಸರಿಯಿತ್ತು.

"ಚಲೋ ನಡಸೀರಿ. ನೆಟ್‌ವರ್ಕ್ ಎಲ್ಲೈತಿ, ತೋರಸ್ರಿ."

ಶಶಿಕಾಂತರು ಒಮ್ಮೆ ನೀಲಿ ವೈರಿನ ಕಡೆ ನೋಡಿದರು. ಸುಳ್ಳು ಹೇಳುವ ಮನುಷ್ಯರಲ್ಲ. ಬೆವರು ಒರೆಸಿಕೊಳ್ಳುತ್ತ ನಿಂತಿದ್ದ ರುದ್ರಮುನಿಯ ತೋಳು ಹಿಡಿದು ಮುಂದೆ ತಂದರು.

"ಇವರಽ ರೀ."

ಸಾಹೇಬರು ಒದ್ದೆ ಕಣ್ಣಿನಿಂದ ರುದ್ರಮುನಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಫಾರ್ಮು ತೆಗೆದರು. ಅದರಲ್ಲಿದ್ದ ಪ್ರಶ್ನೆಗಳನ್ನು ಇದ್ದಂತೆಯೇ ಕೇಳಿದರು, ಯಾಕೆಂದರೆ ಬೇರೆ ಫಾರ್ಮು ಇರಲಿಲ್ಲ.

"ಸ್ಪೀಡ್ ಎಷ್ಟು?"

"ಯೂಸುಫಸಾಬರ ಅಂಗಡಿಯಿಂದ ಎರಡು ನಿಮಿಷ ಸಾಹೇಬ್ರ" ಅಂದ ರುದ್ರಮುನಿ. "ಚಕ್ಕಡಿ ಗಾಡಿ ಅಡ್ಡ ಬಂದ್ರ ಮೂರು."

"ಗುಟ್ಟು ಹೊರಗ ಹೋಗಂಗಿಲ್ಲಲ್ಲ?"

"ಮಾವಗೂ ಹೇಳಿಲ್ರಿ."

ಶಂಕ್ರಪ್ಪ ಹೌದೆಂದು ತಲೆಯಾಡಿಸಿದರು, ಸ್ವಲ್ಪ ಬೇಜಾರಿನಿಂದಲೇ. ಸಾಹೇಬರು ಬರೆದುಕೊಂಡರು. ಕೊನೆಯ ಸಾಲಿಗೆ ಬಂದು ಪೆನ್ನು ನಿಲ್ಲಿಸಿದರು.

"ದಿನದಾಗ ಎಷ್ಟು ಸಲ ಸಂಪರ್ಕ ಕಡೀತೈತಿ?"

ರುದ್ರಮುನಿ ತನ್ನ ಕಾಲುಗಳನ್ನು ನೋಡಿಕೊಂಡ. ಹೊಳಿಯವ್ವ ಕೂತಲ್ಲಿಂದಲೇ, ಕೈ ನಿಲ್ಲಿಸದೆ ಉತ್ತರಿಸಿದಳು.

"ಒಮ್ಮೆ ರೀ ಸಾಹೇಬ್ರ. ಉಣ್ಣಾಕ ಹೋದಾಗ."

ಸಾಹೇಬರು ಹಾಗೇ ಬರೆದು, ಕೆಳಗೆ 'ತೃಪ್ತಿಕರ' ಎಂದು ಸಹಿ ಹಾಕಿದರು.